ಮಗಳ ಪಾಲಿನ ಮಾತ್ರೆ

ಕುಚಿಂಗ್
12 ನವೆಂಬರ್ 2007

ಅಪ್ಪನಿಗೆ,

ಜನವರಿಯಲ್ಲಿ ನಮ್ಮ ಪ್ರಯೋಗಾಲಯದ ತಂಡ ಮೆಲಾತ್ ಹೊಳೆಗೆ ಬರುತ್ತಿದೆ. ನಾನೂ ಬರುತ್ತೇನೆ. ಜಾಗ ನಾನು ಆರಿಸಿದ್ದಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಚಳಿಜ್ವರ ಹಿಡಿದು ಕಾಪಿಟ್ ಪೇಟೆಯ ಆಸ್ಪತ್ರೆಗೆ ಬರುವವರ ಊರುಗಳಿಗೆಲ್ಲ ನಕ್ಷೆಯ ಮೇಲೆ ಚುಕ್ಕಿ ಹಾಕಿದೆವು. ಚುಕ್ಕಿಗಳು ಒತ್ತೊತ್ತಾಗಿದ್ದ ಕಡೆ ನಮ್ಮ ತಂಡದ ಮುಖ್ಯಸ್ಥರು ಡಾಕ್ಟರ್ ತಿಯೊಂಗ್ ಬೆರಳಿಟ್ಟರು. ಆ ಬೆರಳಿನ ಕೆಳಗೆ, ಊರೆಲ್ಲ ಒಂದೇ ಸೂರಿನಡಿ ಇರುವ ನಮ್ಮ ಉದ್ದಮನೆ ಇತ್ತು.

ಹೋದ ಸಲ ಊಟಕ್ಕೆ ಕೂತಾಗ ನೀವು ಕೇಳಿದ್ದಿರಿ, "ಆ ಊರಲ್ಲಿ ನೀನು ಮಾಡೋದಾದ್ರೂ ಏನು?" ಅಂತ. ರಕ್ತ ಪರೀಕ್ಷೆ ಎಂದಷ್ಟೇ ಹೇಳಿ ನಾನು ಅನ್ನಕ್ಕೆ ಕೈ ಹಾಕಿದೆ. ಯಾರ ರಕ್ತ ಎಂದು ನೀವು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮಂಗಗಳ ರಕ್ತ, ಅಪ್ಪ. ಬಾಳೆಹಣ್ಣಿಟ್ಟು ಬೋನಿನಲ್ಲಿ ಹಿಡಿಯುತ್ತೇವೆ, ಮಂಪರಿನ ಮದ್ದು ಕೊಡುತ್ತೇವೆ, ತೊಡೆಯ ರಕ್ತನಾಳದಿಂದ ಒಂದು ಚಮಚೆಯಷ್ಟು ತೆಗೆದು, ಎಚ್ಚರವಾದ ಮೇಲೆ ಹಿಡಿದ ಜಾಗದಲ್ಲೇ ಬಿಟ್ಟುಬಿಡುತ್ತೇವೆ. ಯಾವುದೂ ಸಾಯುವುದಿಲ್ಲ. ಒಂದು ವರ್ಷದಿಂದ ಬೇರೆ ಬೇರೆ ಹೊಳೆಗಳಲ್ಲಿ ಈ ಕೆಲಸ ಮಾಡುತ್ತಿದ್ದೇನೆ.

ಕಾರಣ ಇಷ್ಟು. ನಮ್ಮವರ ಮೈಯಲ್ಲಿ ಸಿಗುತ್ತಿರುವ ಮಲೇರಿಯಾ ಮನುಷ್ಯರದ್ದಲ್ಲ, ಮಂಗಗಳದ್ದು. ಮಂಗನಿಗೆ ಅದು ದೊಡ್ಡ ತೊಂದರೆ ಕೊಡುವುದಿಲ್ಲ. ಸೊಳ್ಳೆ ಅದನ್ನು ಮನುಷ್ಯನಿಗೆ ತಂದು ದಾಟಿಸಿದರೆ ಅದು ದಿನದಿನಕ್ಕೂ ಬೆಳೆಯುತ್ತದೆ, ತಡ ಮಾಡಿದರೆ ಕೊಲ್ಲುತ್ತದೆ. ಯಾವ ಕಾಡಿನ ಮಂಗಗಳಲ್ಲಿ ಎಷ್ಟಿದೆ ಎಂದು ತಿಳಿಯಬೇಕಾಗಿದೆ.

ಮುತ್ತಜ್ಜನ ಮಾತನ್ನು ನಾನು ಮರೆತಿಲ್ಲ. ಮರೆತಿದ್ದರೆ ಈ ಪತ್ರ ಇಷ್ಟು ಉದ್ದವಾಗುತ್ತಿರಲಿಲ್ಲ.

ನಿಮ್ಮ
ಸುಬಾಂಗ್


ಮೆಲಾತ್ ಹೊಳೆ
2 ಡಿಸೆಂಬರ್ 2007

ಸುಬಾಂಗ್,

ಪತ್ರ ತಲುಪಿತು. ದೋಣಿಯವನು ಅದನ್ನು ಉಪ್ಪುಮೀನಿನ ಚೀಲದ ಮೇಲೆ ಇಟ್ಟುಕೊಂಡು ಬಂದಿದ್ದ. ನಿನ್ನ ಅಮ್ಮ ಮೂಸಿ ನೋಡಿ, ಮಗಳು ಚೆನ್ನಾಗಿ ಉಣ್ಣುತ್ತಿದ್ದಾಳೆ ಎಂದಳು.

ಗರಾಯ್ ಚಿಕ್ಕಪ್ಪ ಉದ್ದಮನೆಯ ಯಜಮಾನನಲ್ಲವೆ, ಜಗಲಿಯಲ್ಲಿ ಎಲ್ಲರನ್ನೂ ಕೂರಿಸಿ ನಿಮ್ಮ ಡಾಕ್ಟರ್ ಕಳಿಸಿದ ಕಾಗದ ಓದಿದ. ಒಬ್ಬರೂ ಬೇಡ ಎನ್ನಲಿಲ್ಲ. "ಹಿಡ್ಕೊಂಡು ಹೋಗ್ಲಿ, ಆದ್ರೆ ವಾಪಸ್ ಬಿಡೋದು ಯಾಕೆ?" ಎಂದು ಕೇಳಿದವರೇ ಹೆಚ್ಚು. ಈ ವರ್ಷ ಎಲ್ಲರ ಜೋಳವನ್ನೂ ತಿಂದಿವೆ. ಉಳಿದವರು ಕೋವಿ ತೋರಿಸುತ್ತಾರೆ, ನಾನು ತಗಡು ಬಡಿಯುತ್ತೇನೆ. ಹಾಗಾಗಿ ಓಡಿಸಿದ ಮಂಗಗಳೆಲ್ಲ ನನ್ನ ಹೊಲಕ್ಕೇ ಬಂದು ಕೂರುತ್ತವೆ. ಗರಾಯ್ ನಮ್ಮ ವಂಶದವನಲ್ಲ, ಅವನಿಗೆ ಇದು ತಮಾಷೆ. ನನ್ನನ್ನು ಕರೆಯುವುದೇ ಹೀಗೆ: "ಏನಪ್ಪಾ ಮಂಗನ ಭಾವ, ನೆಂಟರೆಲ್ಲ ಬಂದ್ರಾ, ಊಟ ಆಯ್ತಾ?" ಇದನ್ನು ಕೇಳಿ ಕೇಳಿ ನನ್ನ ಹಲ್ಲೇ ಉದುರಿವೆ.

ನಿನ್ನ ಮುತ್ತಜ್ಜನ ಮಾತು ನೆನಪಿದೆ ಎಂದು ಬರೆದಿದ್ದೀಯ. ನೆನಪಿರುವುದು ಸರಿಯಾಗಿ ಇರಲಿ. ನನ್ನ ತಾತ ಕಾಡಿನಲ್ಲಿ ದಾರಿ ತಪ್ಪಿ, ಹಸಿದು, ಸಾಯಲಿಕ್ಕೆ ಮಲಗಿದ್ದಾಗ ಉದ್ದಬಾಲದ ಮಂಗವೊಂದು ಮರದಿಂದ ಮರಕ್ಕೆ ಹಣ್ಣು ಕೆಡವುತ್ತ ಹೋಯಿತು. ಅವನು ಹಣ್ಣು ಹೆಕ್ಕುತ್ತ ಹಿಂದೆ ಹೋಗಿ ಹೊಳೆ ಮುಟ್ಟಿದ. ಆ ರಾತ್ರಿ ಕನಸಿನಲ್ಲಿ ಅದೇ ಬಂದು, ಇನ್ನು ನಿನ್ನ ಮನೆತನವನ್ನು ನಾನು ಕಾಯುತ್ತೇನೆ ಎಂದಿತು. ತಾತ ಬೆಳಿಗ್ಗೆ ಎದ್ದು ಮಾತು ಕೊಟ್ಟ: ನನ್ನ ವಂಶದವರ ಕೈ ನಿನ್ನ ಜಾತಿಯ ರಕ್ತ ತೆಗೆಯುವುದಿಲ್ಲ. ಚಮಚೆಯ ಲೆಕ್ಕ ಅವನು ಹೇಳಲಿಲ್ಲ, ಆಗ ನಮ್ಮಲ್ಲಿ ಚಮಚೆ ಇರಲಿಲ್ಲ.

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಅದರಲ್ಲಿ ತಿಳಿಸುವುದು ತುಂಬ ಇದೆ, ಕೇಳುವುದು ಇಲ್ಲ. ಕೇಳಿದ್ದರೆ ಏನಾದರೂ ಹೇಳುತ್ತಿದ್ದೆ.

ನಿನ್ನ ಚಾಪೆ ಹಾಸಿ ಇಟ್ಟಿರುತ್ತೇವೆ.

ನಿನ್ನ ಅಪ್ಪ
ಎಂತಿಲಿ


ಕುಚಿಂಗ್
9 ಫೆಬ್ರವರಿ 2008

ಅಪ್ಪನಿಗೆ,

ಕ್ಷೇಮವಾಗಿ ತಲುಪಿದೆ. ಅಮ್ಮ ಬಿದಿರಿನಲ್ಲಿ ಬೇಯಿಸಿ ಕೊಟ್ಟ ಕೋಳಿಯನ್ನು ಬೋಟಿನಲ್ಲೇ ಮುಗಿಸಿದೆವು.

ಎರಡು ವಾರ ಮನೆಯಲ್ಲಿದ್ದೆ, ನಿಮ್ಮ ಮುಖ ನೋಡಿದ್ದು ಎರಡು ಸಲ. ಭತ್ತ ಕಾಯಬೇಕು, ಹೊಲದ ಗುಡಿಸಲಲ್ಲೇ ಇರುತ್ತೇನೆ ಎಂದಿರಿ. ನಿಜವೇ, ತೆನೆ ಹಾಲು ತುಂಬುವ ಹೊತ್ತು. ಆದರೂ ನಾನು ಬರುವ ಮೆಟ್ಟಿಲು ಒಂದು, ನೀವು ಇಳಿಯುವ ಮೆಟ್ಟಿಲು ಇನ್ನೊಂದು ಆಗಿತ್ತು ಎಂದು ಅಮ್ಮನಿಗೂ ಅನ್ನಿಸಿದೆ.

ಕೆಲಸದ ಸುದ್ದಿ: ನಮ್ಮ ಹೊಳೆಯಲ್ಲಿ ಒಂದೂ ಮಂಗ ಸಿಗಲಿಲ್ಲ. ಬೇರೆ ಕಡೆ ಎರಡು ವಾರದಲ್ಲಿ ಹತ್ತು ಹನ್ನೆರಡು ಸಿಗುತ್ತಿದ್ದವು. ಇಲ್ಲಿ ಬೆಳಿಗ್ಗೆ ಹೋಗಿ ನೋಡಿದರೆ ಬಾಳೆಹಣ್ಣು ಖಾಲಿ, ಬೋನೂ ಖಾಲಿ. ಬೋನು ಇಡುವ ಸಪಾವಿ, ನಮ್ಮ ಮನೆಯಲ್ಲಿ ಮೂರು ಸಲ ಅನ್ನ ಹಾಕಿಸಿಕೊಂಡವನು, ಹೀಗೆಂದ: "ನಿಮ್ಮೂರ ಮಂಗಗಳು ಊಟ ಮಾಡಿ, ಕೈ ತೊಳ್ಕೊಂಡು, ಬಾಗಿಲು ಹಾಕ್ಕೊಂಡು ಹೋಗ್ತವೆ." ಡಾಕ್ಟರ್ ತಿಯೊಂಗ್ ನಗಲಿಲ್ಲ. ಮಾರ್ಚಿನಲ್ಲಿ ಇನ್ನೊಮ್ಮೆ ನೋಡೋಣ ಎಂದಿದ್ದಾರೆ.

ಸುಬಾಂಗ್


ಮೆಲಾತ್ ಹೊಳೆ
24 ಫೆಬ್ರವರಿ 2008

ಸುಬಾಂಗ್,

ಭತ್ತ ಹಣ್ಣಾಗುತ್ತಿದೆ. ಈ ಸಲ ತೆನೆ ಚೆನ್ನಾಗಿದೆ. ಅದು ನನಗೂ ಗೊತ್ತು, ಗುಬ್ಬಿಗಳಿಗೂ ಗೊತ್ತು, ನೆಂಟರಿಗೂ ಗೊತ್ತು. ಕೋಳಿ ಅಂಕದಲ್ಲಿ ನನ್ನ ಕೆಂಪು ಹುಂಜ ಗರಾಯ್‌ನ ಹುಂಜವನ್ನು ಸೋಲಿಸಿತು. ಅವತ್ತು ಸಂಜೆ ಅವನು ನನ್ನನ್ನು ಭಾವ ಎಂದು ಕರೆಯಲಿಲ್ಲ.

ಬೋನುಗಳನ್ನು ಹೊಳೆಯಾಚೆ ಬಿಟ್ಟು ಹೋಗಿದ್ದೀರಿ. ಅವುಗಳ ತಂಟೆಗೆ ಯಾರೂ ಹೋಗಿಲ್ಲ. ಮಂಗಗಳ ವಿಷಯ ನನ್ನನ್ನು ಕೇಳಬೇಡ. ಬುದ್ಧಿ ಇರುವ ಪ್ರಾಣಿ, ತನಗೆ ಬೇಕಾದ ಹಾಗೆ ಮಾಡಿಕೊಳ್ಳುತ್ತದೆ.

ನಿನ್ನ ಮೈ ಹೇಗಿದೆ? ಬೇರೆ ಹೊಳೆಗಳಲ್ಲಿ ಒಂದು ವರ್ಷದಿಂದ ತೆಗೆಯುತ್ತಿದ್ದೇನೆ ಎಂದು ಬರೆದಿದ್ದೆ. ಈ ಒಂದು ವರ್ಷದಲ್ಲಿ ಜ್ವರ ಏನಾದರೂ ಬಂದಿತ್ತೆ? ಸಂಜೆ ಹೊತ್ತು ಮೈ ಬಿಸಿಯಾಗುವುದು, ಮೂಳೆ ನೋಯುವುದು? ನಿಮ್ಮವರಲ್ಲಿ ಬೇರೆ ಯಾರಿಗಾದರೂ? ಬೇರೆಯವರದ್ದು ಬಿಡು, ನಿನ್ನದು ಬರೆ. ಅಮ್ಮ ಕೇಳುತ್ತಿದ್ದಾಳೆ.

ಅಪ್ಪ


ಕಾಪಿಟ್
16 ಮಾರ್ಚ್ 2008

ಅಪ್ಪನಿಗೆ,

ನನ್ನ ಜ್ವರದ ವಿಷಯ ಅಮ್ಮ ಕೇಳಿಲ್ಲ. ನಾನು ಅಮ್ಮನನ್ನೇ ಕೇಳಿದೆ.

ಈ ಸಲವೂ ನಮ್ಮ ಹೊಳೆಯಲ್ಲಿ ಒಂದೂ ಸಿಗಲಿಲ್ಲ. ಶುಕ್ರವಾರ ಬೆಳಿಗ್ಗೆ ಸಪಾವಿ ನನ್ನನ್ನು ದೊಡ್ಡ ಬೋನಿನ ಹತ್ತಿರ ಕರೆದುಕೊಂಡು ಹೋದ. ಬಾಗಿಲನ್ನು ಮೇಲೆತ್ತಿ ಬೆತ್ತದ ಸೀಳಿನಿಂದ ಯಾರೋ ಬಿಗಿದು ಕಟ್ಟಿದ್ದರು. "ಮಂಗ ಬಾಳೆಹಣ್ಣು ಕದಿಯುತ್ತೆ, ಒಪ್ಕೊಂಡೆ. ಬೆತ್ತ ಸೀಳಿ ಗಂಟು ಹಾಕುತ್ತಾ?" ಎಂದ. ಪಕ್ಕದ ಮರದ ಬುಡದಲ್ಲಿ ಎಲೆಬೀಡಿಯ ತುಂಡುಗಳು ಬಿದ್ದಿದ್ದವು, ಕೂತವನು ಬಹಳ ಹೊತ್ತು ಕೂತಿದ್ದ. ಆ ಗಂಟನ್ನು ನಾನು ಹುಟ್ಟಿದಾಗಿನಿಂದ ನೋಡಿದ್ದೇನೆ. ನನ್ನ ಮೊದಲ ಮೀನುಬುಟ್ಟಿಯ ಬಾಯಿಗೆ ಅದೇ ಗಂಟು ಇತ್ತು. ಸಪಾವಿ ಬೆತ್ತ ಬಿಚ್ಚಿ ಜೇಬಿಗೆ ಹಾಕಿಕೊಂಡ.

ನನಗೆ ಕೋಪ ಬಂದಿದೆ, ಅದನ್ನು ಮುಚ್ಚಿಡುವುದಿಲ್ಲ. ಬೇಡ ಎಂದು ಒಂದು ಮಾತು ಬರೆಯಬಹುದಿತ್ತು. ಎದುರು ಹೇಳಬಹುದಿತ್ತು. ನೀವು ಹೇಳದೆ, ಹಿಂದಿನಿಂದ ಬಂದು ಬಾಗಿಲು ತೆಗೆದಿರಿ. ನನ್ನ ಕೆಲಸ ನಿಮಗೆ ನಾಚಿಕೆಯಾದರೆ ಹಾಗೆಂದು ಹೇಳಿ, ನಾನು ಮನೆಗೆ ಬರುವುದನ್ನು ನಿಲ್ಲಿಸುತ್ತೇನೆ.

ಇನ್ನೊಂದು ವಿಷಯ, ಇದಕ್ಕೂ ಕೋಪಕ್ಕೂ ಸಂಬಂಧವಿಲ್ಲ. ನೀವು ಸಂಜೆ ಹೊತ್ತಿನಲ್ಲಿ ಆ ಮರದ ಕೆಳಗೆ ಕೂರುತ್ತಿದ್ದೀರಿ. ಮಂಗನನ್ನು ಕಚ್ಚಿದ ಸೊಳ್ಳೆ ಮನುಷ್ಯನನ್ನು ಕಚ್ಚುವುದು ಅದೇ ಹೊತ್ತಿನಲ್ಲಿ, ಅಂಥ ಜಾಗದಲ್ಲೇ. ದಯವಿಟ್ಟು ಕೂರಬೇಡಿ. ಬೋನುಗಳನ್ನು ನಾವು ತೆಗೆದುಕೊಂಡು ಹೋಗಿದ್ದೇವೆ. ಅಲ್ಲಿಗೆ ಹೋಗಲು ನಿಮಗೆ ಇನ್ನು ಕಾರಣವಿಲ್ಲ.

ಸುಬಾಂಗ್


ಮೆಲಾತ್ ಹೊಳೆ
3 ಏಪ್ರಿಲ್ 2008

ಮಗಳು ಸುಬಾಂಗ್‌ಗೆ,

ನಾನು ಗರಾಯ್ ಚಿಕ್ಕಪ್ಪ ಬರೆಯುತ್ತಿರುವುದು. ನಿನ್ನ ಅಪ್ಪ ಬರೆಯುವ ಸ್ಥಿತಿಯಲ್ಲಿಲ್ಲ. ಬರೆಯುವ ಸ್ಥಿತಿಯಲ್ಲಿದ್ದರೂ ಇದನ್ನು ಬರೆಯುತ್ತಿರಲಿಲ್ಲ.

ಐದಾರು ದಿನದಿಂದ ಜ್ವರ. ದಿನಾ ಬರುತ್ತದೆ, ಹಲ್ಲು ಕಟಕಟ ಎನ್ನುವಷ್ಟು ಚಳಿ. ಕಣ್ಣು ಅರಿಶಿನ ಹಚ್ಚಿದ ಹಾಗಾಗಿದೆ. ಆಸ್ಪತ್ರೆಗೆ ನಡಿ ಎಂದರೆ ಗೋಡೆ ಕಡೆ ತಿರುಗಿ ಮಲಗುತ್ತಾನೆ. ನಿನ್ನೆ ನಾನು ಜೋರು ಮಾಡಿದೆ. ಆಗ ಬಾಯಿ ಬಿಟ್ಟ.

"ಇದು ನನ್ನ ಜ್ವರ ಅಲ್ಲ ಗರಾಯ್. ಅವಳಿಗೆ ಬರಬೇಕಾಗಿದ್ದು."

"ಯಾರಿಗೆ?"

"ಸುಬಾಂಗ್‌ಗೆ. ತಾತನ ಮಾತು ಮುರಿದಿದ್ದು ಅವಳು. ನಮ್ಮನ್ನ ಕಾಯೋ ಮಂಗಕ್ಕೆ ಸಿಟ್ಟು ಬಂದ್ರೆ ಅವಳ ಮೇಲೇ ಬರಬೇಕಲ್ಲ. ಗುಡಿಸಲಲ್ಲಿ ಅದಕ್ಕೆ ಎಡೆ ತಟ್ಟೆ ಇಟ್ಟು, ಮೊಟ್ಟೆ, ಅಂಟಕ್ಕಿ, ಹೆಂಡ ಎಲ್ಲಾ ಇಟ್ಟು ಕೇಳ್ಕೊಂಡೆ, ಅವಳನ್ನ ಬಿಡು, ಏನಿದ್ರೂ ನಂಗೆ ಕೊಡು ಅಂತ. ಕೊಟ್ಟಿದೆ. ಈಗ ಮದ್ದು ತಗೊಂಡು ಓಡಿಸಿದ್ರೆ ಅದು ಎಲ್ಲಿಗೆ ಹೋಗುತ್ತೆ? ಸೀದಾ ಅವಳ ಹತ್ರ."

ಬೋನು ತೆಗೆಯುತ್ತಿದ್ದದ್ದೂ ಅದಕ್ಕೇ ಅಂತೆ. ಮಂಗನ ಮೇಲಿನ ಪ್ರೀತಿಗಲ್ಲ, ನಿನ್ನ ಕೈಗೆ ಇನ್ನಷ್ಟು ರಕ್ತ ತಾಗದಿರಲಿ ಎಂದು. ನಾನು ಇಷ್ಟು ವರ್ಷ ಅವನನ್ನು ರೇಗಿಸಿದ್ದೇನೆ, ನಿನ್ನೆ ಅವನಿಗೆ ಹೊದಿಕೆ ಹೊದಿಸಿ ಹೊರಗೆ ಬಂದೆ.

ನಾಳೆ ಬೆಳಿಗ್ಗೆ ನಾವು ನಾಲ್ಕು ಜನ ಅವನನ್ನು ಚಾಪೆ ಸಮೇತ ಎತ್ತಿ ದೋಣಿಗೆ ಹಾಕುತ್ತೇವೆ. ಆಸ್ಪತ್ರೆಯವರೆಗೆ ತರುವುದು ನಮ್ಮ ಕೈಯಲ್ಲಿದೆ. ಮದ್ದು ನುಂಗಿಸುವುದು ನಮ್ಮಿಂದ ಆಗುವುದಿಲ್ಲ. ಈ ಕಾಗದವನ್ನು ಅಂಚೆಗೆ ಹಾಕದೆ ಇವತ್ತೇ ಹೊರಟವರ ಕೈಯಲ್ಲಿ ಕಳಿಸುತ್ತಿದ್ದೇನೆ. ನೀನು ಬಾ.

ಗರಾಯ್


ಕುಚಿಂಗ್
14 ಏಪ್ರಿಲ್ 2008

ಗರಾಯ್ ಚಿಕ್ಕಪ್ಪನಿಗೆ,

ನೀವು ಅಪ್ಪನನ್ನು ಆಸ್ಪತ್ರೆಗೆ ಸೇರಿಸಿ ಹೊಳೆಗೆ ಮರಳಿದ ಮೇಲೆ ನಡೆದದ್ದನ್ನು ಬರೆಯುತ್ತೇನೆ. ಅಪ್ಪ ಈಗ ಎದ್ದು ಕೂರುತ್ತಿದ್ದಾರೆ, ಗಂಜಿ ಕುಡಿಯುತ್ತಿದ್ದಾರೆ. ಈ ವಾರ ಅಮ್ಮ ಮನೆಗೆ ಕರೆತರುತ್ತಾಳೆ.

ನಾನು ಹೋದಾಗ ಅವರು ಮಾತ್ರೆಯನ್ನು ಕೆನ್ನೆಯಲ್ಲಿಟ್ಟುಕೊಂಡು ನರ್ಸ್ ಅತ್ತ ಹೋದ ಮೇಲೆ ಕಿಟಕಿಯಿಂದ ಉಗಿಯುತ್ತಿದ್ದರು. ಕಿಟಕಿಯ ಕೆಳಗಿನ ಹುಲ್ಲಿನಲ್ಲಿ ಬಿಳಿ ಮಾತ್ರೆಗಳು ಕಾಣುತ್ತಿದ್ದವು. ಮೊದಲು ನಾನು ಅವರಿಗೆ ಸೊಳ್ಳೆಯ ಕಥೆ ಹೇಳಿದೆ. ಬೆರಳಿಗೆ ಸೂಜಿ ಚುಚ್ಚಿ, ಅವರ ರಕ್ತವನ್ನು ಗಾಜಿನ ಮೇಲೆ ಹಚ್ಚಿ ಸೂಕ್ಷ್ಮದರ್ಶಕದಲ್ಲಿ ನೋಡಿ ಬಂದು, ಕಂಡದ್ದನ್ನು ಕಾಗದದ ಮೇಲೆ ಚಿತ್ರ ಬರೆದು ತೋರಿಸಿದೆ. ಅವರು ಚಿತ್ರವನ್ನು ನೋಡಿದರು. "ಚೆನ್ನಾಗಿ ಬರ್ದಿದ್ದೀಯ. ಇದು ನಿನ್ನ ಮೈಗೆ ಹೋಗೋದು ಬೇಡ," ಎಂದು ಕಣ್ಣು ಮುಚ್ಚಿದರು. ಆಸ್ಪತ್ರೆಯ ಡಾಕ್ಟರ್ ನನ್ನನ್ನು ಹೊರಗೆ ಕರೆದು, ಇನ್ನೊಂದು ದಿನ ಹೀಗೇ ಆದರೆ ಮೂತ್ರಪಿಂಡ ಕೈಕೊಡುತ್ತದೆ ಎಂದರು.

ಚಿಕ್ಕಪ್ಪ, ವಾದ ಮಾಡಿ ಗೆಲ್ಲುವ ಜಾಗ ಅದಲ್ಲ ಎಂದು ಆಗ ತಿಳಿಯಿತು. ಡಾಕ್ಟರ್ ಹತ್ತಿರ ಇನ್ನೊಂದು ಪಾಲು ಮಾತ್ರೆ ಕೇಳಿದೆ. "ಇದೇನು ಕಡಲೆಕಾಯಾ, ಹಂಚ್ಕೊಂಡು ತಿನ್ನೋಕೆ?" ಎಂದು ಬೈದರು. ನಾನು ಏಕೆಂದು ಹೇಳಿದ ಮೇಲೆ ಕೊಟ್ಟರು.

ಅಪ್ಪನ ಹಾಸಿಗೆಯ ಪಕ್ಕ ಕುರ್ಚಿ ಎಳೆದು ಕೂತೆ. "ನಿಮ್ಮಿಂದ ಓಡಿ ಬರೋದು ನನ್ನ ಹತ್ರ ತಾನೆ? ನಾನೂ ನುಂಗ್ತೀನಿ. ನೀವು ನುಂಗಿದ ಹೊತ್ತಿಗೇ ನಾನೂ. ಅದು ಬರೋ ಹೊತ್ತಿಗೆ ನನ್ನ ಕಡೆ ಬಾಗಿಲು ಮುಚ್ಚಿರುತ್ತೆ," ಎಂದೆ.

ಅವರು ದಿಂಬಿನಿಂದ ತಲೆ ಎತ್ತಿದರು. "ಬಾಯಿ ತೆರೆದು ತೋರಿಸ್ಬೇಕು," ಎಂದರು. ನಾನು ನುಂಗಿ ಬಾಯಿ ತೆರೆದು ತೋರಿಸಿದೆ. ಆಮೇಲೆ ಅವರು ನುಂಗಿ, ಅವರೂ ಬಾಯಿ ತೆರೆದರು. ಪಕ್ಕದ ಹಾಸಿಗೆಯ ಮುದುಕ ನಮ್ಮಿಬ್ಬರನ್ನೂ ನೋಡಿ ನರ್ಸನ್ನು ಕರೆದ.

ಮೂರು ದಿನದ ಮದ್ದು ಅದು. ಮೂರನೆಯ ದಿನ ನಾನು ಬೆಳಗಿನ ಬೋಟಿಗೆ ಹೊರಡಬೇಕಿತ್ತು, ಕೊನೆಯ ಸಲದ್ದು ಮಧ್ಯಾಹ್ನಕ್ಕಿತ್ತು. ನನ್ನ ಪಾಲಿನ ಎರಡು ಮಾತ್ರೆಗಳನ್ನು ಬೋಟಿನಲ್ಲಿ ನುಂಗುತ್ತೇನೆ ಎಂದು ಅವರಿಗೆ ತೋರಿಸಿ ಅಂಗಿಯ ಜೇಬಿಗೆ ಹಾಕಿಕೊಂಡು ಹೊರಟೆ. ಅವರು ತಮ್ಮದನ್ನು ಅಮ್ಮನ ಎದುರು ನುಂಗಿದರಂತೆ.

ಅವರಿಗೆ ಒಂದು ಮಾತು ಕೊಟ್ಟಿದ್ದೇನೆ, ನೀವೂ ತಿಳಿದಿರಿ. ಇನ್ನು ನಾನು ಮಂಗಕ್ಕೆ ಸೂಜಿ ಹಿಡಿಯುವುದಿಲ್ಲ. ಪ್ರಯೋಗಾಲಯದಲ್ಲಿ ಕೂತು ಗಾಜು ನೋಡುವ ಕೆಲಸ ಕೇಳಿಕೊಂಡಿದ್ದೇನೆ. ಡಾಕ್ಟರ್ ತಿಯೊಂಗ್ ಮುಖ ಗಂಟು ಹಾಕಿಕೊಂಡೇ ಒಪ್ಪಿದರು.

ನೀವು ನಾಲ್ಕು ಜನ ಎತ್ತಿ ತಂದಿರಿ. ಅದಕ್ಕೆ ಏನು ಬರೆಯಬೇಕೋ ನನಗೆ ತಿಳಿಯುತ್ತಿಲ್ಲ.

ಸುಬಾಂಗ್


ಮೆಲಾತ್ ಹೊಳೆ
5 ಮೇ 2008

ಸುಬಾಂಗ್,

ಬರೆಯುವಷ್ಟು ಕೈ ಗಟ್ಟಿಯಾಗಿದೆ. ಹೊಲದ ಕೊಯ್ಲನ್ನು ಮನೆಯವರೆಲ್ಲ ಸೇರಿ ಮುಗಿಸಿಕೊಟ್ಟಿದ್ದಾರೆ. ನಾನು ಜಗಲಿಯಲ್ಲಿ ಕೂತು ಇದು ಹೀಗಲ್ಲ, ಅದು ಹಾಗಲ್ಲ ಎಂದು ಹೇಳುತ್ತಿದ್ದೇನೆ. ಯಾರೂ ಕೇಳುವುದಿಲ್ಲ. ಸಂಜೆಯಾಗುವ ಮೊದಲೇ ಅಮ್ಮ ನನ್ನನ್ನು ಸೊಳ್ಳೆಪರದೆಯೊಳಗೆ ತಳ್ಳುತ್ತಾಳೆ, ಕೋಳಿಗಳಿಗಿಂತ ಮೊದಲು.

ನಾಲ್ಕು ಮನೆಯಾಚೆ ರಬಾಯ್‌ಳ ಗಂಡನಿಗೂ ಜ್ವರ ಬಂದಿತ್ತು, ನನ್ನ ಹಾಗೆ ತಡ ಮಾಡದೆ ಹೊಳೆ ಇಳಿದು ಆಸ್ಪತ್ರೆಗೆ ಹೋಗಿದ್ದರಿಂದ ಬೇಗ ಎದ್ದ. ಅದನ್ನು ನೋಡಿ ನಾನು ಯೋಚನೆ ಮಾಡಿದೆ. ನಮ್ಮ ಹೊಳೆಯ ಮಂಗಗಳನ್ನು ನಿಮ್ಮವರು ನೋಡಬೇಕಾದರೆ ನೋಡಲಿ. ತಾತ ಹೇಳಿದ್ದು ನಮ್ಮ ವಂಶದವರ ಕೈ ಎಂದು. ಸಪಾವಿ ನಮ್ಮ ವಂಶದವನಲ್ಲ. ಅನ್ನ ತಿನ್ನುವ ರೀತಿ ನೋಡಿದರೆ ಯಾರ ವಂಶದವನೂ ಅಲ್ಲ. ಅವನ ಕೈ ಸೂಜಿ ಹಿಡಿಯಲಿ. ನಾನು ಬೋನಿನ ಹತ್ತಿರ ಎಡೆ ತಟ್ಟೆ ಇಟ್ಟು ಮಂಗಕ್ಕೆ ಒಂದು ಮಾತು ಹೇಳುತ್ತೇನೆ, ಹಗಲಿನಲ್ಲಿ. ನೀನು ನವೆಂಬರಿನ ಪತ್ರದಲ್ಲೇ ಕೇಳಿದ್ದರೆ ಆಗಲೇ ಇದನ್ನು ಹೇಳುತ್ತಿದ್ದೆ. ಮಾರ್ಚಿನಲ್ಲಿ ನೀನು ನಾಚಿಕೆ ಎಂದು ಬರೆದಿದ್ದೆ. ನಾಚಿಕೆ ಅಲ್ಲ, ಹೆದರಿಕೆ. ಅದನ್ನು ಆಗಲೇ ಬರೆಯಬೇಕಿತ್ತು, ನನಗೆ ಆಗಲಿಲ್ಲ.

ಅವರು ಬರುವ ಮೊದಲು ನನಗೆ ಒಂದು ವಿಷಯ ತಿಳಿಯಬೇಕು. ಜೇಬಿಗೆ ಹಾಕಿಕೊಂಡ ಆ ಎರಡು ಮಾತ್ರೆಗಳನ್ನು ನುಂಗಿದೆಯಾ? ನೀನು ಹೋದಮೇಲೆ ಅದೇ ತಲೆಯಲ್ಲಿದೆ. ದಿನಾ ಎದ್ದ ಕೂಡಲೇ ಹಣೆ ಮುಟ್ಟಿ ನೋಡಿಕೊಳ್ಳುತ್ತೇನೆ. ತಣ್ಣಗಿದೆ. ತಣ್ಣಗಿದೆ ಎಂದರೆ ಅದು ನನ್ನನ್ನು ಬಿಟ್ಟು ಹೋಗಿದೆ. ಬಿಟ್ಟು ಎಲ್ಲಿ ಹೋಯಿತು ಎಂದು ಹೆದರಿಕೆಯಾಗುತ್ತದೆ.

ಬೇಗ ಬರೆ. ನಿಜ ಬರೆ.

ಅಪ್ಪ


ಕುಚಿಂಗ್
19 ಮೇ 2008

ಅಪ್ಪನಿಗೆ,

ಗವಾಯ್ ಸುಗ್ಗಿ ಹಬ್ಬಕ್ಕೆ ಬರುತ್ತೇನೆ. ಹಬ್ಬ ಮುಗಿದ ವಾರ ಸಪಾವಿ ಬೋನು ತರುತ್ತಾನೆ. ನೀವು ಒಪ್ಪಿದ ಸುದ್ದಿ ಹೇಳಿದಾಗ ಅವನು ಜೇಬಿನಿಂದ ಆ ಬೆತ್ತದ ಸೀಳನ್ನು ತೆಗೆದು ನನಗೆ ಕೊಟ್ಟ, ಇಷ್ಟು ದಿನ ಇಟ್ಟುಕೊಂಡಿದ್ದ. ಅವನು ಸೂಜಿ ಹಿಡಿಯುವ ಹೊತ್ತಿನಲ್ಲಿ ನಾನು ಅಮ್ಮನ ಜೊತೆ ಜಗಲಿಯಲ್ಲಿರುತ್ತೇನೆ. ಅವನು ಗಾಜಿನ ಮೇಲೆ ಹಚ್ಚಿ ತಂದದ್ದನ್ನು ಆಮೇಲೆ ನಾನು ನೋಡಬಹುದೆ? ಅದು ಕೈಯ ಕೆಲಸವಲ್ಲ, ಕಣ್ಣಿನದು. ಈ ಸಲ ತಿಳಿಸುತ್ತಿಲ್ಲ, ಕೇಳುತ್ತಿದ್ದೇನೆ. ನೀವು ಬೇಡ ಎಂದರೆ ಬೇರೆಯವರು ನೋಡುತ್ತಾರೆ.

ನಿಮ್ಮ ಪತ್ರ ಬಂದ ದಿನವೇ, ಮಾತ್ರೆಗಳನ್ನು ಬೋಟಿನಲ್ಲೇ ನುಂಗಿದೆ ಎಂದು ಎರಡು ಸಾಲು ಬರೆದು ಲಕೋಟೆಗೆ ಹಾಕಿದ್ದೆ. ಅಂಚೆಗೆ ಹಾಕಲು ಕೈ ಬರಲಿಲ್ಲ, ಹರಿದೆ. ಮನೆಗೆ ಬಂದು ಆ ಅಂಗಿಯನ್ನು ಹುಡುಕಿದೆ. ಒಗೆದು ಮಡಿಸಿಟ್ಟಿದ್ದೆ. ಜೇಬಿನೊಳಗೆ ಎರಡೂ ಮಾತ್ರೆಗಳು ತಗಡಿನ ಪಟ್ಟಿಯಲ್ಲಿ ಹಾಗೆಯೇ ಇದ್ದವು. ಅಂದು ಬೋಟಿನಲ್ಲಿ ಕೂತ ಕೂಡಲೇ ನನಗೆ ನಿದ್ದೆ ಹತ್ತಿತ್ತು. ಸಿಬು ಪೇಟೆಯಲ್ಲಿ ಎಚ್ಚರವಾದಾಗ ನೀವು ಉಳಿದಿರಿ ಎಂಬುದೊಂದೇ ತಲೆಯಲ್ಲಿತ್ತು, ಮಾತ್ರೆ ಇರಲಿಲ್ಲ.

ನಾನು ಕಲಿತ ಪಾಠದ ಪ್ರಕಾರ ಇವುಗಳಿಂದ ಈಗ ಏನೂ ಆಗುವುದಿಲ್ಲ. ಆಸ್ಪತ್ರೆ ಬಿಡುವ ದಿನ ತೆಗೆದ ನಿಮ್ಮ ರಕ್ತವನ್ನು ಇಲ್ಲಿಗೆ ಕಳಿಸಿದ್ದರು, ನಾನೇ ನೋಡಿದೆ, ಏನೂ ಇರಲಿಲ್ಲ. ನನ್ನದರಲ್ಲಿ ಯಾವತ್ತೂ ಇರಲಿಲ್ಲ. ನಿಮ್ಮಿಂದ ಹೊರಟು ನನ್ನ ಕಡೆ ಬರುವಂಥದ್ದು ಯಾವುದೂ ಇಲ್ಲ ಎಂದು ಯಾರು ಕೇಳಿದರೂ ಹೇಳಬಲ್ಲೆ.

ನಿನ್ನೆ ಸಂಜೆ ಅಡುಗೆಮನೆಯಲ್ಲಿ ನಿಂತು ಎರಡನ್ನೂ ನುಂಗಿದೆ. ಒಂದು ಗಂಟಲಲ್ಲೇ ಸಿಕ್ಕಿ ಕರಗಿತು, ತುಂಬ ಕಹಿ, ಊಟ ಸೇರಲಿಲ್ಲ. ನೋಡುವವರು ಯಾರೂ ಇರಲಿಲ್ಲ, ಆದರೂ ಕನ್ನಡಿಯ ಎದುರು ಹೋಗಿ ಬಾಯಿ ತೆರೆದೆ.

ನನ್ನ ಕಡೆಯ ಬಾಗಿಲು ಮುಚ್ಚಿದೆ, ಅಪ್ಪ. ಇನ್ನು ಹಣೆ ಮುಟ್ಟಿ ನೋಡಿಕೊಳ್ಳಬೇಡಿ.

ನಿಮ್ಮ
ಸುಬಾಂಗ್